ಒಣನೆಲದಲ್ಲಿ ಗಾಳ ಬೀಸುವ ಸಿಕ್ಕಕ್ಕ

ಬೆಳಗಿನ ಐದೂವರೆ. ಹಳೆಯ ಬಸ್ ಡಿಪೋದ ಅಂಗಳದಲ್ಲಿ ಮಂಜು ಮೊಣಕಾಲೆತ್ತರಕ್ಕೆ ನಿಂತಿದೆ. ಅದರ ನಡುವೆ ಒಬ್ಬ ಹೆಂಗಸು ತಲೆಗೆ ಶಾಲು ಸುತ್ತಿಕೊಂಡು, ಕೈಯಲ್ಲಿ ಗಾಳದ ಕೋಲು ಹಿಡಿದು, ಹನಿ ನೀರೂ ಇಲ್ಲದ ಕಡೆ ಗಾಳ ಬೀಸುತ್ತಿದ್ದಾರೆ. ಕೋಲು ಹಿಂದಕ್ಕೆ ಹೋಗುತ್ತದೆ, ಮುಂದಕ್ಕೆ ಬರುತ್ತದೆ, ಅದರ ಬೆನ್ನಿಗೆ ಕೂತ ರೀಲು ಸುಯ್ಯೆನ್ನುತ್ತದೆ. ದಾರ ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಹೆಬ್ಬೆರಳುದ್ದದ ಕೆಂಪು ಮರದ ತುಂಡೊಂದು ತನ್ನಷ್ಟಕ್ಕೆ ತಾನೇ ಗಾಳಿಯಲ್ಲಿ ತೇಲಿಕೊಂಡು ಹೋಗಿ, ನೆಲದ ಮೇಲೆ ಮಾಸಿದ ಬಿಳಿ ಬಣ್ಣದಲ್ಲಿ ಬರೆದ ಹನ್ನೊಂದು ಎಂಬ ಅಂಕಿಯ ಮೇಲೆ ಟಕ್ಕೆಂದು ಕೂರುತ್ತದೆ.

ಒಂದು ಕಾಲಕ್ಕೆ ಇಲ್ಲಿ ಬಸ್ಸುಗಳು ಸಾಲಾಗಿ ನಿಲ್ಲುತ್ತಿದ್ದವು, ಈಗ ಅಂಕಿಗಳಷ್ಟೇ ಉಳಿದಿವೆ. ಹನ್ನೊಂದರ ಆಚೆ ಮುರುಕು ಬೆಂಚಿನ ಮೇಲೆ ಫ್ಲಾಸ್ಕು ಹಿಡಿದು ಕೂತಿರುವ ನಿವೃತ್ತ ಬಸ್ ಚಾಲಕರು ಈಕೆಯ ಗಂಡ. ಇಪ್ಪತ್ತೇಳು ವರ್ಷ ಅವರು ತಮ್ಮ ಬಸ್ಸನ್ನು ತಂದು ನಿಲ್ಲಿಸಿದ್ದು ಇದೇ ಹನ್ನೊಂದರಲ್ಲಿ. ಈಗ ಆ ಜಾಗವನ್ನು ಹೆಂಡತಿಗೆ ಬಿಟ್ಟುಕೊಟ್ಟು, ಕೆಂಪು ತುಂಡಿಗೆ ಅಂಟಿದ ಮಣ್ಣು ಒರೆಸುವ ಕೆಲಸಕ್ಕೆ ಬಡ್ತಿ ಪಡೆದಿದ್ದೇನೆ ಎನ್ನುತ್ತಾರೆ. ಬೆಳಗಿನ ನಡಿಗೆಗೆ ಬಂದ ಹೊಸಬರು ಯಾರಾದರೂ ಬೇಲಿಯಾಚೆ ನಿಂತು, ಮೀನು ಬಿತ್ತಾ ಎಂದು ಕೇಳಿ ನಗುವುದುಂಟು. ಈ ಪ್ರಶ್ನೆ ಆಕೆಗೆ ಹತ್ತೊಂಬತ್ತು ವರ್ಷದಷ್ಟು ಹಳೆಯದು. ಇವತ್ಯಾಕೋ ಕಚ್ತಾ ಇಲ್ಲ ಎಂದು ಮುಖ ಗಂಟಿಕ್ಕಿಕೊಂಡೇ ಉತ್ತರ ಕೊಟ್ಟು ಮತ್ತೆ ಬೀಸುತ್ತಾರೆ.

ಡಿಪೋಗೆ ಬೆನ್ನು ಕೊಟ್ಟಂತೆ ಗಾಳದ ಸಾಮಾನಿನ ಅಂಗಡಿಯೊಂದಿದೆ. ಅದರ ಹಿಂದಿನ ಕೋಣೆ, ಅಲ್ಲೊಂದು ಮೇಜು, ಒಂದು ಬೆಚ್ಚನೆ ನೀರಿನ ಬೋಗುಣಿ, ಗೋಡೆಯ ಮೊಳೆಗೆ ನೇತುಹಾಕಿದ ನೀಲಿ ಏಪ್ರನ್. ಇಷ್ಟೇ ಅವರ ಸಾಮ್ರಾಜ್ಯ. ಗಿರಾಕಿಗಳು ಅವರನ್ನು ಕರೆಯುವುದು ಸಿಕ್ಕಕ್ಕ ಎಂದು. ಹಿಂದೆ ಇಪ್ಪತ್ತು ವರ್ಷ ಬಟ್ಟೆ ಕಾರ್ಖಾನೆಯಲ್ಲಿ ಬಾಬಿನ್ನಿಗೆ ನೂಲು ಸುತ್ತುತ್ತಿದ್ದವರು. ಕಾರ್ಖಾನೆ ಮುಚ್ಚಿದ ಮೇಲೆ ಈ ಅಂಗಡಿಯ ಕಸ ಗುಡಿಸಲು ಬಂದರು. ಸೇರಿದ ಮೂರನೇ ದಿನ ಅಂಗಡಿಯವನು ಒಂದು ರೀಲನ್ನು ಹಿಡಿದುಕೊಂಡು, ಬಾಯಿಗೆ ಬಂದಂತೆ ಬೈಯುತ್ತ, ಕತ್ತರಿ ಹುಡುಕುತ್ತಿದ್ದ. ಇವರು ಪೊರಕೆಯನ್ನು ಗೋಡೆಗೊರಗಿಸಿ, ಕೊಡಿ ಇಲ್ಲಿ ಎಂದು ಇಸಿದುಕೊಂಡರು. ಹತ್ತು ನಿಮಿಷದಲ್ಲಿ ಸಿಕ್ಕು ಬಿಡಿಸಿ ಮೇಜಿನ ಮೇಲಿಟ್ಟು, ಅರ್ಧಕ್ಕೆ ಬಿಟ್ಟ ಕಸ ಗುಡಿಸಲು ಹೋದರು. ಮಾರನೇ ದಿನ ಪೊರಕೆ ಹಿಡಿಯಲು ಬೇರೆಯವರು ಬಂದರು.

ಬೇಟ್‌ಕಾಸ್ಟಿಂಗ್ ರೀಲೆಂಬುದು ಹೊಸಬರನ್ನು ಅಳಿಸಿಬಿಡುವ ಯಂತ್ರ. ಗಾಳ ಬೀಸಿದಾಗ ದಾರ ಸುತ್ತಿದ ಅದರ ಉರುಳೆ ತಾನೂ ಗಿರಗಿರ ತಿರುಗುತ್ತ ದಾರ ಬಿಡುತ್ತದೆ. ಸಿಕ್ಕು ಹುಟ್ಟುವ ಬಗೆಯನ್ನು ಸಿಕ್ಕಕ್ಕ ತಮ್ಮದೇ ರೀತಿಯಲ್ಲಿ ಹೇಳುತ್ತಾರೆ: "ಮುಂದೆ ಹೋಗೋ ತುಂಡಿಗೆ ಸುಸ್ತಾಗುತ್ತೆ. ಉರುಳೆಗೆ ಆಗಲ್ಲ, ಅದು ತಿರುಗ್ತಾನೇ ಇರುತ್ತೆ. ಹೊರಗೆ ಹೋಗೋಕೆ ದಾರಿ ಇಲ್ಲದ ದಾರ ಒಳಗೇ ಗೂಡು ಕಟ್ಟಿಕೊಂಡುಬಿಡುತ್ತೆ. ಇವರಿಬ್ಬರ ಜಗಳ ಬಿಡಿಸೋಕೆ ಇರೋದು ಹೆಬ್ಬೆರಳು ಒಂದೇ." ಉರುಳೆಯ ಮೇಲೆ ಹೆಬ್ಬೆರಳು ಸವರಿಯೂ ಸವರದಂತಿರಬೇಕು, ತುಂಡು ಕೆಳಗೆ ಬೀಳುವ ಅರೆಗಳಿಗೆ ಮುಂಚೆ ಒತ್ತಿ ನಿಲ್ಲಿಸಬೇಕು.

ಅದರಲ್ಲೂ ಫ್ಲೋರೋಕಾರ್ಬನ್ ದಾರವೆಂದರೆ ಹಟಮಾರಿ. ನೀರಿನಲ್ಲಿ ಮೀನಿಗೆ ಕಾಣುವುದಿಲ್ಲವೆಂದು ಎಲ್ಲರಿಗೂ ಅದೇ ಬೇಕು. ಆದರೆ ಬಿರುಸು ದಾರ, ಸುತ್ತಿಟ್ಟರೆ ಸುರುಳಿಯ ಆಕಾರ ಬಿಡಲೊಲ್ಲದು, ಕೊಂಚ ಸಡಿಲ ಸಿಕ್ಕರೆ ಉರುಳೆಯಿಂದ ಪುಟಿದೇಳುತ್ತದೆ. ಒಮ್ಮೆ ಮಡಿಚಿದರೆ ಅಲ್ಲಿ ಬಿಳಿ ಗೀರು ಬೀಳುತ್ತದೆ, ಗೀರು ಬಿದ್ದಲ್ಲಿ ಬಲ ಹೋಯಿತು, ಕತ್ತರಿಸಿ ಎಸೆಯುವುದೇ ಸರಿ. ಹಾಗಾಗಿ ಸಿಕ್ಕಕ್ಕ ಅದನ್ನು ಮೊದಲು ಬೆಚ್ಚನೆ ನೀರಿನಲ್ಲಿ ನೆನೆಹಾಕಿ ಮೆತ್ತಗಾಗಿಸುತ್ತಾರೆ. ಆಮೇಲೆ ಒದ್ದೆ ಬಟ್ಟೆಯ ಮಡಿಕೆಯಲ್ಲಿ ಹೆಬ್ಬೆರಳಿನಿಂದ ಅದುಮಿ ಹಿಡಿದು, ಬಿಗಿಯಾಗಿ ಉರುಳೆಗೆ ಸುತ್ತುತ್ತಾರೆ. ಅಂಚಿನವರೆಗೆ ತುಂಬುವುದಿಲ್ಲ, ಬೆಂಕಿಕಡ್ಡಿಯ ದಪ್ಪದಷ್ಟು ಜಾಗ ಬಿಡುತ್ತಾರೆ. ಪೂರ್ತಿ ತುಂಬಿ ಎಂದು ಗಿರಾಕಿಗಳು ರಾಗ ಎಳೆದರೆ, ಕಂಠಮಟ್ಟ ಉಂಡವನಿಗೆ ಓಡೋಕಾಗುತ್ತಾ ಎಂದು ಕೇಳಿ ಬಾಯಿ ಮುಚ್ಚಿಸುತ್ತಾರೆ. ಕೊನೆಗೆ ತುದಿಗೆ ತುಂಡು ಕಟ್ಟಿ ಇಳಿಬಿಡುತ್ತಾರೆ. ನಿದ್ದೆಗಣ್ಣಲ್ಲಿ ಮೆಟ್ಟಿಲಿಳಿಯುವವರ ಹಾಗೆ ಅದು ನಿಧಾನಕ್ಕೆ ಇಳಿಯಬೇಕು, ನೆಲ ಮುಟ್ಟಿದೊಡನೆ ಉರುಳೆ ನಿಲ್ಲಬೇಕು. ಅಷ್ಟು ಬರುವವರೆಗೆ ರೀಲಿನ ಪಕ್ಕದ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತಲೇ ಇರುತ್ತಾರೆ.

ದಿನಕ್ಕೆ ಹದಿನಾಲ್ಕು ರೀಲು, ರಜೆಯ ಹಿಂದಿನ ದಿನವಾದರೆ ಇಪ್ಪತ್ತೈದು. ಒಂದೊಂದಕ್ಕೂ ಡಿಪೋದ ಅಂಗಳದಲ್ಲಿ ಮೂರು ಎಸೆತ, ಮೂರೂ ಶುದ್ಧವಾಗಿರಬೇಕು. ಆಮೇಲೆ ಪುಟ್ಟ ಚೀಟಿಯಲ್ಲಿ, ಮೊದಲ ಎಸೆತಕ್ಕೆ ನಾನು ಹೊಣೆ ಎಂದು ಬರೆದು ರೀಲಿಗೆ ಕಟ್ಟುತ್ತಾರೆ. ಕೆಳಗೆ ಹೆಸರಿಲ್ಲ, ಸಹಿಯಿಲ್ಲ.

ಇಷ್ಟೆಲ್ಲ ಮಾಡುವ ಸಿಕ್ಕಕ್ಕ ಇವತ್ತಿನವರೆಗೆ ಒಂದು ಮೀನನ್ನೂ ಹಿಡಿದಿಲ್ಲ. ಊರಾಚೆಯ ಸರೋವರವನ್ನು ಕಂಡೂ ಇಲ್ಲ. ಅಲ್ಲಿಗೆ ಬಸ್ಸಿನಲ್ಲಿ ಎರಡು ಗಂಟೆಯ ದಾರಿ, ಬಸ್ ಚಾಲಕರ ಹೆಂಡತಿಗೋ ಬಸ್ಸು ಹತ್ತಿದರೆ ಹೊಟ್ಟೆ ತೊಳಸುತ್ತದೆ. ಮದುವೆಯಾದ ವಾರ ತಾವೇ ಓಡಿಸುವ ಬಸ್ಸಿನಲ್ಲಿ ಆಕೆಯನ್ನು ಕೂರಿಸಿಕೊಂಡು ಹೋಗಿ, ಮೂರನೇ ನಿಲ್ದಾಣದಲ್ಲೇ ಇಳಿಸಬೇಕಾಗಿ ಬಂದದ್ದನ್ನು ಯಜಮಾನರು ಮೂವತ್ತೈದು ವರ್ಷವಾದರೂ ಹೇಳಿಕೊಂಡು ನಗುತ್ತಾರೆ.

ಹೋದ ಚಳಿಗಾಲದಲ್ಲಿ ಆ ಹೆಬ್ಬೆರಳೇ ಕೈಕೊಟ್ಟಿತು. ಮೊದಲು ಜುಮುಗುಟ್ಟಿತು, ಆಮೇಲೆ ಮರಗಟ್ಟಿತು, ಕೊನೆಗೊಂದು ದಿನ ಬಿಸಿ ಲೋಟ ಹಿಡಿದು ಬೊಬ್ಬೆ ಎದ್ದದ್ದೂ ತಿಳಿಯಲಿಲ್ಲ. ಮಣಿಕಟ್ಟಿನಲ್ಲಿ ನರ ಒತ್ತಿಹೋಗಿದೆ, ನಲವತ್ತು ವರ್ಷ ನೂಲು, ದಾರ ಸುತ್ತಿದ್ದರ ಫಲ, ಸ್ಪರ್ಶ ಹಿಂದಿನಂತೆ ಬರುವುದು ಅನುಮಾನ ಎಂದರು ವೈದ್ಯರು. ಸಿಕ್ಕಕ್ಕ ಗಂಡನ ಹತ್ತಿರವೂ ಬಾಯಿ ಬಿಡಲಿಲ್ಲ. ಬೆರಳು ಮುನಿಸಿಕೊಂಡಿದೆ, ತಾನಾಗಿ ಸರಿಹೋಗುತ್ತದೆ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಅಂಗಳದಲ್ಲಿ ಆಗೊಂದು ಈಗೊಂದು ಎಸೆತ ಸಿಕ್ಕಾಗತೊಡಗಿತು. ಆಗಲೇ ಅವರೊಂದು ತಪ್ಪು ಮಾಡಿದರು. ಒಂದು ರೀಲಿನ ಮೊದಲ ಎಸೆತದಲ್ಲಿ ದಾರ ಕೊಂಚ ಉಬ್ಬಿತು, ಇನ್ನೆರಡು ಚೆನ್ನಾಗಿ ಹೋದವು. ಅಷ್ಟು ಸಾಕು ಎಂದುಕೊಂಡು ಚೀಟಿ ಬರೆದು ಕಟ್ಟಿಬಿಟ್ಟರು.

ಆ ರೀಲು ಒಬ್ಬ ನರ್ಸಿನದು. ಆಕೆಗೆ ತಿಂಗಳಿಗೆ ಸಿಗುವುದು ಎರಡೇ ಪೂರ್ತಿ ರಜೆ. ಒಂದು ದಿನ ನಿದ್ದೆಗೆ, ಇನ್ನೊಂದು ಸರೋವರಕ್ಕೆ. ಸೋಮವಾರ ಬಂದವಳು ರೀಲನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. ಉರುಳೆಯ ತುಂಬ ಗೋಜಲು, ಬಿಳಿ ಗೀರುಗಳು. ಪಕ್ಕದಲ್ಲಿ ಆ ಚೀಟಿ, ನೀಟಾಗಿ ಮಡಿಚಿದ್ದು. ಜಗಳವಾಡಿದ್ದರೆ ಸಿಕ್ಕಕ್ಕನಿಗೆ ಎಷ್ಟೋ ಹಗುರವಾಗುತ್ತಿತ್ತು. "ಪರವಾಗಿಲ್ಲಕ್ಕ," ಎಂದಳು ಆಕೆ. "ದಡದಲ್ಲಿ ಕೂತು ನೀರು ನೋಡ್ಕೊಂಡು ಬಂದೆ."

ಆಕೆ ಹೋದ ಮೇಲೆ ಸಿಕ್ಕಕ್ಕ ಏಪ್ರನ್ ಬಿಚ್ಚಿ ಅಂಗಡಿಯವನ ಕೈಗಿಟ್ಟರು. ಬೆರಳು ಸತ್ತಿದೆ, ಇಷ್ಟು ದಿನ ಮುಚ್ಚಿಟ್ಟೆ, ಒಬ್ಬಳ ತಿಂಗಳನ್ನು ಹಾಳು ಮಾಡಿದೆ ಎಂದು ಹೇಳಿ ಅತ್ತೇಬಿಟ್ಟರು. ವಯಸ್ಸಿನಲ್ಲಿ ಮಗನಂತಿರುವ ಅವನು ಏಪ್ರನ್ನಿನ ಮಡಿಕೆ ಬಿಡಿಸಿದ. "ಆ ನರ್ಸಮ್ಮನ ಮುಂದಿನ ರಜೆಗೆ ಅದೊಂದು ರೀಲು ನೀವೇ ಮಾಡಿಕೊಡಿ," ಎಂದ. "ಆಗದಿದ್ರೆ ಆಮೇಲೆ ಬಿಡಿ, ನಾನು ತಡೆಯಲ್ಲ." ಹೇಳಿ ಏಪ್ರನ್ನನ್ನು ಮೊಳೆಗೇ ನೇತುಹಾಕಿದ. ಮೇಜು ಉಳಿಯಬೇಕಾದರೆ ಸರೋವರದಲ್ಲಿ ನರ್ಸಿನ ಮೊದಲ ಎಸೆತ ಸಿಕ್ಕಾಗದೆ ಹೋಗಬೇಕು ಎಂದು ಸಿಕ್ಕಕ್ಕ ತಮಗೆ ತಾವೇ ಷರತ್ತು ಹಾಕಿಕೊಂಡರು. ಅಂದು ಸಂಜೆ ಗಂಡನಿಗೂ ಎಲ್ಲ ಹೇಳಿದರು. ಮಧ್ಯೆ ಇದ್ದದ್ದು ಇಪ್ಪತ್ತಾರು ಬೆಳಗು.

ಮೊದಲ ಮೂರು ಬೆಳಗಿನಲ್ಲಿ ಒಂಬತ್ತು ಸಿಕ್ಕು. ನಾಲ್ಕನೆಯ ದಿನ ಮಂಜು ದಟ್ಟವಾಗಿತ್ತು, ಬೆಂಚಿನ ಮೇಲೆ ಯಜಮಾನರು ಕಣ್ಣುಮುಚ್ಚಿ ಕೂತಿದ್ದರು. ಸಿಕ್ಕಕ್ಕ ಬೀಸಿದರು, ರೀಲು ಕೂಗಿತು, ದಾರ ಮತ್ತೆ ಗೂಡು ಕಟ್ಟಿತು. ಅದಕ್ಕೆ ಸರಿಯಾಗಿ ಬೆಂಚಿನಿಂದ, ಸ್ವಲ್ಪ ಮುಂಚೆ ಒತ್ತಬೇಕಿತ್ತು ಎಂಬ ಮಾತು ಬಂತು. ಸಿಕ್ಕಕ್ಕನಿಗೆ ಮೈ ಉರಿಯಿತು. ನಿದ್ದೆ ಹೊಡೆಯುತ್ತ ಉಪದೇಶ ಬೇರೆಯಾ ಎಂದು ಹರಿಹಾಯ್ದರು. ಯಜಮಾನರು ಕಣ್ಣು ತೆರೆಯಲೇ ಇಲ್ಲ.

"ಗೇರ್ ಹಾಕೋವಾಗ ನಾನು ಯಾವತ್ತಾದ್ರೂ ಕೆಳಗೆ ನೋಡಿದ್ದೀನಾ? ಇಂಜಿನ್ ದನಿ ಕಿವಿಗೆ ಬೀಳ್ತಿತ್ತು, ಕೈ ತಾನಾಗೇ ಹೋಗ್ತಿತ್ತು. ನಿನ್ನ ರೀಲೂ ಹಾಗೇ. ಮೊದಲು ಏರುತ್ತೆ, ಆಮೇಲೆ ಒಂಚೂರು ದನಿ ಇಳಿಯುತ್ತೆ. ಆಗ ಒತ್ತು."

ಹತ್ತೊಂಬತ್ತು ವರ್ಷ ಆ ಸದ್ದಿನ ಜೊತೆಗೇ ಇದ್ದರೂ ಸಿಕ್ಕಕ್ಕ ಅದನ್ನು ಕೇಳಿಸಿಕೊಂಡಿರಲಿಲ್ಲ. ಎಲ್ಲವನ್ನೂ ಬೆರಳೇ ಹೇಳುತ್ತಿತ್ತಲ್ಲ. ಅಂದಿನಿಂದ ಅಂಗಳದಲ್ಲಿ ವಿಚಿತ್ರವೊಂದು ಶುರುವಾಯಿತು. ಹೆಂಡತಿ ಕಣ್ಣುಮುಚ್ಚಿ ಬೀಸುವುದು, ಗಂಡ ಕಣ್ಣುಮುಚ್ಚಿ "ಈಗ" ಎನ್ನುವುದು. ನಡಿಗೆಗೆ ಬಂದವರು ಮೀನಿನ ಮಾತೆತ್ತುವುದನ್ನೇ ಬಿಟ್ಟು ಸದ್ದಿಲ್ಲದೆ ಹಾದುಹೋದರು. ಹತ್ತನೆಯ ಬೆಳಗಿನ ಹೊತ್ತಿಗೆ, ಯಜಮಾನರು ಬಾಯಿ ತೆರೆಯುವುದರೊಳಗೆ ಹೆಬ್ಬೆರಳು ಒತ್ತಿಯಾಗಿರುತ್ತಿತ್ತು. ಒತ್ತಿದ್ದು ಬೆರಳಿಗೆ ಗೊತ್ತಾಗುತ್ತಿರಲಿಲ್ಲ, ಸುಯ್ಯೆನ್ನುವುದು ನಿಂತಾಗ ಕಿವಿಗೆ ಗೊತ್ತಾಗುತ್ತಿತ್ತು.

ನರ್ಸಿನ ರೀಲು ಯಾಕೆ ಕೆಟ್ಟಿತೆಂಬುದೂ ಹಿಂದಿನ ಕೋಣೆಯಲ್ಲಿ ಹಾಗೆಯೇ ತಿಳಿಯಿತು. ಒದ್ದೆ ಬಟ್ಟೆಯ ಮಡಿಕೆಯಲ್ಲಿ ಬಿಗಿಯಾಗಿ ಹಾಯುವ ದಾರ ಸಣ್ಣಗೆ ಕೀಚುಗುಡುತ್ತದೆ. ಹಿಡಿತ ಸಡಿಲವಾದರೆ ಆ ಸದ್ದಿಲ್ಲ. ಅಂದು ಮರಗಟ್ಟಿದ ಬೆರಳು ತಾನು ಹಿಡಿದಿದ್ದೇನೆಂದೇ ನಂಬಿ ಸಡಿಲ ಬಿಟ್ಟಿತ್ತು. ಈಗ ಸಿಕ್ಕಕ್ಕ ಅಂಗಡಿಯ ರೇಡಿಯೋ ನಿಲ್ಲಿಸಿ, ಬಾಗಿಲು ಮುಂದೆ ಮಾಡಿ, ಮೊದಲಿನಿಂದ ಕೊನೆಯವರೆಗೆ ಕೀಚುಗುಡಿಸಿಯೇ ಆ ರೀಲಿಗೆ ಹೊಸ ದಾರ ಸುತ್ತಿದರು.

ಅದನ್ನು ಒಯ್ಯಲು ನರ್ಸ್ ಒಂದು ಬೆಳಿಗ್ಗೆ ಪಾಳಿ ಮುಗಿಸಿ, ಬಿಳಿ ಬೂಟಿನಲ್ಲೇ ಡಿಪೋಗೆ ಬಂದಳು. ಸಿಕ್ಕಕ್ಕ ಅವಳಿಗೂ ಕಣ್ಣುಮುಚ್ಚಿಸಿ ಒಂದು ಎಸೆತ ಕೇಳಿಸಿದರು. ಏರುವ ದನಿ, ಇಳಿಯುವ ದನಿ, ಒತ್ತುವ ಗಳಿಗೆ, ಹನ್ನೊಂದರ ಮೇಲೆ ಟಕ್. ಚಿಮ್ಮಬೇಡಿ, ತೊಟ್ಟಿಲು ತೂಗಿದ ಹಾಗೆ ಮೆತ್ತಗೆ ಬೀಸಿ, ಗಾಳಿಗೆದುರಾಗಿ ಬೇಡ ಎಂದು ಹೇಳಿಕೊಟ್ಟರು. ಚೀಟಿ ಕಟ್ಟಿಕೊಟ್ಟರು. ಹೊರಟವಳನ್ನು ನಿಲ್ಲಿಸಿ, ನಾಚುತ್ತ ಒಂದು ಮಾತು ಕೇಳಿದರು: "ನೀರಿಗೆ ಬಿದ್ರೆ ಹೇಗೆ ಕೇಳಿಸುತ್ತೆ? ನನಗೆ ಈ ಟಕ್ ಅನ್ನೋದೊಂದೇ ಗೊತ್ತು."

ನರ್ಸ್ ಅಂಗಡಿಯವನ ಫೋನ್ ನಂಬರು ಕೇಳಿ ಬರೆದುಕೊಂಡಳು.

ಕಳೆದ ಭಾನುವಾರ. ಬೆಳಗಿನ ಎಂಟಕ್ಕೆ ಸಿಕ್ಕಕ್ಕ ಮೇಜಿನ ಮುಂದೆ ಕೂತಿದ್ದಾರೆ, ಮುಂದಿರುವ ರೀಲನ್ನು ಮುಟ್ಟಿಲ್ಲ. ಯಜಮಾನರು ಫ್ಲಾಸ್ಕಿನಿಂದ ಬಗ್ಗಿಸಿಕೊಟ್ಟ ಚಹಾ ಆರಿಹೋಗಿದೆ. ಏಪ್ರನ್ ಇನ್ನೂ ಮೊಳೆಯ ಮೇಲೇ ಇದೆ. ಅಂಗಡಿಯವನು ತನ್ನ ಫೋನು ಹಿಡಿದು ಒಳಗೆ ಬರುತ್ತಾನೆ, ನಿಮಗೇ ಅಂತೆ ಎಂದು ಆಕೆಯ ಎಡಗೈಗೆ ಕೊಟ್ಟು ಅಲ್ಲೇ ನಿಲ್ಲುತ್ತಾನೆ.

ಯಜಮಾನರೂ ಫೋನಿನ ಹತ್ತಿರಕ್ಕೆ ಕಿವಿ ತರುತ್ತಾರೆ. ಕಿವಿಯಲ್ಲಿ ಮೊದಲು ಗಾಳಿ, ದೂರದಲ್ಲೆಲ್ಲೋ ಬಾತುಕೋಳಿ. ಫೋನನ್ನು ಜೇಬಿನಲ್ಲಿ ಇಟ್ಕೊಂಡಿದ್ದೀನಿ ಅಕ್ಕ, ಇದು ಮೊದಲನೇದು ಎಂದು ನರ್ಸಿನ ದನಿ. ಆಮೇಲೆ ರೀಲು ಸುಯ್ಯೆನ್ನುತ್ತದೆ. ಸಿಕ್ಕಕ್ಕ ಕಣ್ಣು ಮುಚ್ಚುತ್ತಾರೆ. ದನಿ ಏರುತ್ತದೆ, ಏರಿ ನಿಲ್ಲುತ್ತದೆ, ಒಂಚೂರು ಇಳಿಯುತ್ತದೆ, ಫಕ್ಕನೆ ನಿಲ್ಲುತ್ತದೆ. ಮತ್ತೆ ಬರೀ ಗಾಳಿ. ಆ ಗಾಳಿಯೊಳಗಿಂದ ದುಂಡಗೆ ಒಂದು ಸದ್ದು, ಗುಳುಂ.

ಒಂದೆಳೆಯೂ ಸಿಕ್ಕಾಗಲಿಲ್ಲ, ಕೇಳಿಸಿತಾ ಎಂದು ನರ್ಸ್ ಎರಡು ಸಲ ಕೇಳುತ್ತಾಳೆ. ಯಜಮಾನರು ಬಗ್ಗಿ ಹೆಂಡತಿಯ ಬಲಗೈಯನ್ನೇ ನೋಡುತ್ತಿದ್ದಾರೆ. ಹೆಬ್ಬೆರಳು ಮೇಜಿನ ಅಂಚನ್ನು ಅದುಮಿ ಹಿಡಿದು ಉಗುರು ಬೆಳ್ಳಗಾಗಿದೆ, ಆಕೆಗೆ ಅದರ ಪರಿವೆಯೇ ಇಲ್ಲ.

"ಗುಳುಂ ಅನ್ನೋಕೆ ಮುಂಚೆ ಬ್ರೇಕ್ ಹಾಕಿದ್ದಿ," ಎನ್ನುತ್ತಾರೆ ಅವರು. "ನಾನು ನೋಡಿದೆ."

ಸಿಕ್ಕಕ್ಕ ತಮ್ಮ ಬೆರಳನ್ನು ಬೇರೆ ಯಾರದೋ ಎಂಬಂತೆ ನೋಡುತ್ತಾರೆ. ಅಂಗಡಿಯವನು ಮೊಳೆಯಿಂದ ಏಪ್ರನ್ ತೆಗೆದು ಮೇಜಿನ ಮೇಲಿಟ್ಟು ಗಿರಾಕಿಗಳ ಕಡೆ ಹೋಗುತ್ತಾನೆ. ಆಕೆ ಮೂಗೊರೆಸಿಕೊಂಡು, ಫೋನನ್ನು ಇನ್ನಷ್ಟು ಕಿವಿಗೊತ್ತಿಕೊಂಡು, ಬಲಗೈಯನ್ನು ಮೇಜಿನ ಮೇಲಿಂದ ತೆಗೆದು ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ.

"ಇನ್ನೊಂದ್ಸಲ ಎಸೀರಮ್ಮ," ಎನ್ನುತ್ತಾರೆ. "ಈ ಸಲ ಕೆಲಸಕ್ಕಲ್ಲ. ಸುಮ್ನೆ ಕೇಳ್ತೀನಿ."