ಯಾದಮ್ಮನ ಅಂಗಡಿಯ ಎಂಟಾಣೆ

ಹೈದರಾಬಾದಿಗೆ ಬಂದ ಮೂರನೆಯ ದಿನ ಅಂಗಡಿಯಾಕೆಯೊಬ್ಬಳು ನನ್ನ ಎಂಟಾಣೆಯನ್ನು ಹಾಡಹಗಲೇ ನುಂಗಿಬಿಟ್ಟಳು. ನೂರೈವತ್ತು ಗ್ರಾಂ ಪುಟಾಣಿ, ಅಂದರೆ ಹುರಿಗಡಲೆ, ತೂಗಿದಳು, ತಕ್ಕಡಿಯ ಕೆಂಪು ಅಂಕಿ ಹತ್ತೊಂಬತ್ತೂವರೆ ರೂಪಾಯಿ ತೋರಿಸಿತು, ನಾನು ಇಪ್ಪತ್ತರ ನೋಟು ಕೊಟ್ಟೆ. ಆಕೆ ಅದನ್ನು ಡಬ್ಬಿಗೆ ಹಾಕಿ ಮುಂದಿನವರ ಕಡೆ ತಿರುಗಿದಳು. ಚಿಲ್ಲರೆ ಇಲ್ಲ ಎಂಬ ಮಾತಿಲ್ಲ, ಕೈಗೊಂದು ಪೆಪ್ಪರ್‌ಮೆಂಟೂ ಇಲ್ಲ.

ನಮ್ಮ ಬಾಗಲಕೋಟೆಯಲ್ಲೂ ನಾಲ್ಕಾಣೆ ನಿಂತು ವರ್ಷಗಳಾದವು, ಎಂಟಾಣೆ ಕಾನೂನಿನಲ್ಲಷ್ಟೇ ಬದುಕಿದೆ. ಆದರೆ ಅಲ್ಲಿ ಅಂಗಡಿಯವರು ಒಂದು ಪೆಪ್ಪರ್‌ಮೆಂಟನ್ನಾದರೂ ಕೊಟ್ಟು ಮರ್ಯಾದೆ ಉಳಿಸಿಕೊಳ್ಳುತ್ತಾರೆ. ಅದೂ ಅಲ್ಲದೆ ನಾನು ಬಸ್ ಕಂಡಕ್ಟರನ ಮಗಳು. ಟಿಕೆಟ್ಟಿನ ಹಿಂದೆ ಬರೆದುಕೊಟ್ಟ ಬಾಕಿಯನ್ನು ಅಪ್ಪ, ಮರೆತು ಇಳಿದುಹೋದ ಪ್ರಯಾಣಿಕರ ಹಿಂದೆ ಓಡಿಹೋಗಿ ಕೊಟ್ಟದ್ದನ್ನು ಕಣ್ಣಾರೆ ಕಂಡವಳು. ಚಿಲ್ಲರೆಯ ವಿಷಯದಲ್ಲಿ ನನಗೆ ಬೇಗ ಸಿಟ್ಟು ಬರುತ್ತದೆ. ಫೋನಿನಲ್ಲಿ ಹೇಳಿದಾಗ ಅಪ್ಪನೂ, ‘ನಮ್ಮ ಹಕ್ಕಿನ ರೊಕ್ಕ, ಬಿಡಬ್ಯಾಡ’ ಎಂದರು.

ನನ್ನ ಗಂಡನಿಗೆ ಸನತ್‌ನಗರದ ಸಣ್ಣ ಕಾರ್ಖಾನೆಯೊಂದರಲ್ಲಿ ಲೇಥ್ ಮಷಿನ್ ಕೆಲಸ. ಹಿಂದಿನ ಗಲ್ಲಿಯಲ್ಲೇ ಒಂದೂವರೆ ಕೋಣೆಯ ಮನೆ. ಅರ್ಧ ಕೋಣೆ ಎಂದರೆ ಅಡುಗೆಮನೆ. ಬೆಳಗ್ಗೆ ಅವರು ಹೋದರೆ ಸಂಜೆಯವರೆಗೆ ಮಾತಾಡಲು ಜನವಿಲ್ಲ. ಗಲ್ಲಿಯ ತುದಿಯಲ್ಲಿದ್ದ ಈ ಯಾದಮ್ಮನ ಕಿರಾಣಿ ಅಂಗಡಿಯೇ ನನಗೆ ತೆಲುಗಿನ ಶಾಲೆ. ಪುಟಾಣಿ ಇಲ್ಲಿ ಪುಟ್ನಾಲು, ಬೆಲ್ಲ ಬೆಲ್ಲಂ. ಬಾಲ ಸೇರಿಸಿದರೆ ತೆಲುಗಾಯಿತು ಎಂದು ಬೀಗುತ್ತಿದ್ದಾಗ ನಮ್ಮ ಜೋಳ ‘ಜೊನ್ನಲು’ ಆಗಿ ನನ್ನ ಸೊಕ್ಕು ಇಳಿಸಿತು. ಅಂಗಡಿಯಲ್ಲಿ ಕ್ಯೂಆರ್ ಕೋಡ್ ಇದೆ. ಆ ದುಡ್ಡು ಮಗನ ಖಾತೆಗೆ ಹೋಗುತ್ತದೆಂದು ಯಾದಮ್ಮ ಅದನ್ನು ಎಣ್ಣೆ ಡಬ್ಬಿಯ ಹಿಂದೆ ಮುಖ ತಿರುಗಿಸಿ ಇಟ್ಟಿದ್ದಾಳೆ. ಹಾಗಾಗಿ ಎಲ್ಲರೂ ರೊಕ್ಕವನ್ನೇ ಕೊಡಬೇಕು.

ವಾರಕ್ಕೊಮ್ಮೆ ಪುಟಾಣಿ, ವಾರಕ್ಕೊಮ್ಮೆ ಎಂಟಾಣೆ. ಎರಡು ತಿಂಗಳು ಸಹಿಸಿದೆ. ಒಂದು ದಿನ ನನ್ನೆದುರೇ ಪಕ್ಕದ ಮನೆಯ ಸತ್ತೆಮ್ಮ ಅಷ್ಟೇ ಪುಟಾಣಿ ಕೊಂಡಳು. ಆಕೆಗೆ ಒಂದು ರೂಪಾಯಿ ವಾಪಸ್ ಸಿಕ್ಕಿತು! ಅಂದರೆ ಆಕೆಗೆ ಹತ್ತೊಂಬತ್ತು, ನನಗೆ ಇಪ್ಪತ್ತು. ನನ್ನ ಪಿತ್ತ ನೆತ್ತಿಗೇರಿತು. ಹೊರಗಿನವಳೆಂದೇ ಹೀಗೆ ಎಂದುಕೊಂಡು, ಬಂದಷ್ಟು ತೆಲುಗಿಗೆ ಬಂದಷ್ಟು ಹಿಂದಿ ಕಲಸಿ ಜಗಳಕ್ಕೆ ನಿಂತೆ.

‘ನೀ ಇಂಟ್ಲ ನೆಲನೆಲಾ ಜೀತಂ ವಸ್ತದಿ ಗದಾ, ಬಿಡ್ಡಾ?’ ಎಂದಳು ಯಾದಮ್ಮ. ನಿನ್ನ ಮನೆಗೆ ತಿಂಗಳು ತಿಂಗಳು ಸಂಬಳ ಬರುತ್ತದಲ್ಲ, ಮಗಳೇ ಎಂದರ್ಥ. ಇಲ್ಲಿ ಜೀತಂ ಎಂದರೆ ಸಂಬಳ. ಮೊದಲ ಸಲ ಕೇಳಿದಾಗ ನನ್ನ ಗಂಡ ಯಾರಿಗೆ ಜೀತಕ್ಕಿದ್ದಾರೋ ಎಂದು ಗಾಬರಿಯಾಗಿತ್ತು. ಸತ್ತೆಮ್ಮ ದಿನಗೂಲಿಯವಳು. ಸಂಬಳದ ಮನೆಯವರಿಗೆ ಎಂಟಾಣೆ ಮೇಲಕ್ಕೆ, ಕೂಲಿಯವರಿಗೆ ಕೆಳಕ್ಕೆ, ನಡುವೆ ತನಗೇನೂ ಉಳಿಯುವುದಿಲ್ಲ ಎಂದು ಯಾದಮ್ಮ ವಿವರಿಸಿದಳು. ಮಾತು ನ್ಯಾಯ ಅನ್ನಿಸಿದರೂ ಸಿಟ್ಟು ಇಳಿಯಲಿಲ್ಲ. ನನ್ನನ್ನು ಕೇಳದೆ ನನ್ನ ಕೈಯಿಂದ ದಾನ ಮಾಡಿಸಲು ಇವಳ್ಯಾರು?

‘ಈ ಊರು ಸಾಕು, ಬಾಗಲಕೋಟಿಗೆ ಹೋಗೂಣು ನಡೀರಿ’ ಎಂದೆ ಸಂಜೆ.

‘ಎಂಟಾಣೆ ಸಲುವಾಗಿ ಊರು ಬಿಡಾಕ ಹೊಂಟೀಯೇನ?’ ಎಂದು ನನ್ನ ಗಂಡ ನಕ್ಕರು.

ದೀಪಾವಳಿ ಕಳೆದ ಮೇಲೆ ಕಾರ್ಖಾನೆಗೆ ಆರ್ಡರ್ ನಿಂತು ಅವರ ಕೆಲಸ ಹೋಯಿತು. ‘ಮನಿ ಖಾಲಿ ಮಾಡಿ ಬಂದ್ಬಿಡ್ರಿ, ಇಲ್ಲೇ ಏನರ ನೋಡೂಣು’ ಎಂದು ಅಪ್ಪ ಫೋನ್ ಮಾಡಿದರು. ನಾನು ಬೇಡಿದ್ದೇ ಅದು. ಆದರೆ ಈ ಒಂದೂವರೆ ಕೋಣೆಯನ್ನು ಬಿಡಲು ನನಗೆ ಮನಸ್ಸಿಲ್ಲವೆಂದು ಗೊತ್ತಾದದ್ದು ಆಗಲೇ. ತಿಂಗಳ ಕೊನೆಯವರೆಗೆ ಕಾಯುವುದು, ಕೆಲಸ ಸಿಗದಿದ್ದರೆ ಗಂಟುಮೂಟೆ ಕಟ್ಟುವುದು ಎಂದು ತೀರ್ಮಾನಿಸಿದೆವು.

ಗಲ್ಲಿಯಲ್ಲಿ ಯಾರಿಗೂ ಹೇಳಿರಲಿಲ್ಲ. ಅವರು ಎಂದಿನಂತೆ ಊಟದ ಡಬ್ಬಿ ಹಿಡಿದು ಹೊರಟು ಕೆಲಸ ಹುಡುಕುತ್ತಿದ್ದರು. ಆ ವಾರ ಯಾದಮ್ಮ ಇಪ್ಪತ್ತರ ನೋಟು ತೆಗೆದುಕೊಂಡು, ನನ್ನ ಮುಖ ನೋಡದೆ, ಒಂದು ರೂಪಾಯಿಯನ್ನು ನನ್ನತ್ತ ಸರಿಸಿದಳು. ಜಗಳವಾಡಿ ಕೇಳಿದ್ದು ಕೊನೆಗೂ ಸಿಕ್ಕಿತ್ತು, ಎತ್ತಿಕೊಳ್ಳಲು ಕೈ ಬರಲಿಲ್ಲ.

‘ತೀಸ್ಕೋ, ಬಿಡ್ಡಾ’ ಎಂದಳು. ತಗೋ, ಮಗಳೇ.

ತೆಗೆದುಕೊಂಡೆ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಅವಮಾನವೂ ಆಗಿತ್ತು, ನಮ್ಮ ಮನೆಯ ಕಷ್ಟವನ್ನು ಒಬ್ಬಳಾದರೂ ಗಮನಿಸಿದಳೆಂಬ ಸಮಾಧಾನವೂ ಆಗಿತ್ತು.

ತಿಂಗಳು ಮುಗಿಯಲು ನಾಲ್ಕು ದಿನವಿದ್ದಾಗ, ಎರಡು ಗಲ್ಲಿ ಆಚೆಯ ಕಾರ್ಖಾನೆಯಲ್ಲಿ ಅವರಿಗೆ ಕೆಲಸ ಸಿಕ್ಕಿತು. ನಾನು ನೇರವಾಗಿ ಯಾದಮ್ಮನ ಅಂಗಡಿಗೆ ಹೋದೆ. ಆಕೆ ಪುಟಾಣಿ ತೂಗಿ, ನೋಟು ತೆಗೆದುಕೊಂಡು, ರೂಪಾಯಿಗಾಗಿ ಡಬ್ಬಿಯಲ್ಲಿ ಕೈಯಾಡಿಸಿದಳು.

‘ಪನಿ ದೊರಿಕಿಂದಿ, ಅಕ್ಕಾ’ ಎಂದೆ. ಕೆಲಸ ಸಿಕ್ಕಿತು, ಅಕ್ಕಾ.

ಆಕೆ ನನ್ನ ಮುಖವನ್ನೊಮ್ಮೆ ನೋಡಿ ಡಬ್ಬಿ ಮುಚ್ಚಿದಳು. ಇಬ್ಬರೂ ನಕ್ಕೆವು.

ಸಂಜೆ ಅಪ್ಪನಿಗೆ ಫೋನ್ ಮಾಡಿ, ಮನೆ ಖಾಲಿ ಮಾಡುವುದಿಲ್ಲ ಎಂದೆ. ‘ಚಲೋ ಆತು ಬಿಡವಾ’ ಎಂದರು; ನಾವು ಬರಲಿಲ್ಲವಲ್ಲ ಎಂಬ ಬೇಸರವೂ ಆ ದನಿಯಲ್ಲಿತ್ತು. ಆಮೇಲೆ ಕೇಳಿದರು: ‘ಆ ಅಂಗಡಿಯಾಕಿ ಈಗರ ಎಂಟಾಣೆ ಸರಿಯಾಗಿ ಕೊಡ್ತಾಳೇನ?’

‘ಕೊಡ್ತಾಳಪ್ಪಾ’ ಎಂದೆ. ಅಪ್ಪನಿಗೆ ನಾನು ಸುಳ್ಳು ಹೇಳಿದ್ದು ಅದೇ ಮೊದಲು.