ದೊಡ್ಡವ್ವ ಮಿಶ್ರಿ ಬಿಟ್ಟದ್ದು

ಹೋದ ತಿಂಗಳು ಹಳಿಯಾಳದ ಹತ್ತಿರದ ಒಂದು ಹಳ್ಳಿಗೆ ಹೋಗಿದ್ದೆ. ಬಸ್ಸಿಳಿದು ಓಣಿಯಲ್ಲಿ ನಡೆಯುತ್ತಿದ್ದಾಗ ಯಾರದೋ ಹಿತ್ತಲಿನಿಂದ ತಂಬಾಕಿನ ಎಲೆ ಹುರಿಯುವ ವಾಸನೆ ಬಂತು. ಮೂಗಿಗೆ ಖಾರ, ಗಂಟಲಿಗೆ ಕಹಿ. ಅರವತ್ತು ವರ್ಷದಿಂದ ಅದನ್ನು ಮುಟ್ಟದ ನನ್ನ ಬಾಯಲ್ಲಿ ನೀರೂರಿತು. ನನಗೇ ನಾಚಿಕೆಯಾಯಿತು. ಗೋಡೆ ಹಿಡಿದು ಸ್ವಲ್ಪ ಹೊತ್ತು ನಿಂತೆ… ದಾಂಡೇಲಿಯ ನಮ್ಮ ಸಾಲುಮನೆ, ಅದರ ಹಿಂದಿನ ಅಂಗಳ, ಅಲ್ಲಿ ಮೂರು ಕಲ್ಲಿನ ಒಲೆಯ ಮುಂದೆ ಕಾಲು ಚಾಚಿ ಕೂತ ಪಕ್ಕದ ಮನೆಯ ದೊಡ್ಡವ್ವ, ಎಲ್ಲ ಕಣ್ಣಮುಂದೆ ಬಂದವು.

ನಾನು ಮದುವೆಯಾಗಿ ದಾಂಡೇಲಿಗೆ ಬಂದದ್ದು ಅರವತ್ತರ ದಶಕ ಶುರುವಾದ ಹೊಸತರಲ್ಲಿ. ತವರು ಧಾರವಾಡದ ಕಡೆ. ಗಂಡನಿಗೆ ಕಾಗದದ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಹತ್ತೊಂಬತ್ತರ ನನಗೆ ಆ ಊರಿನಲ್ಲಿ ಅತ್ತೆಯೂ ಇಲ್ಲ, ಅಕ್ಕತಂಗಿಯರೂ ಇಲ್ಲ. ಬಂದ ಮರುದಿನವೇ ಪಕ್ಕದ ಮನೆಯಿಂದ ಒಬ್ಬ ಹೆಂಗಸು ಎರಡು ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ತಂದಿಟ್ಟಳು. ಎತ್ತರದ ಆಳು, ಹಣೆತುಂಬ ವಿಭೂತಿ, ವಯಸ್ಸು ಅರವತ್ತಕ್ಕೆ ಒಂದೆರಡು ಕಡಿಮೆ. ಗಂಡ ತೀರಿಕೊಂಡ ಮೇಲೆ ಹಳಿಯಾಳದ ಕಡೆಯ ಹೊಲಮನೆಯನ್ನು ಮೈದುನನಿಗೆ ಒಪ್ಪಿಸಿ, ಕಾರ್ಖಾನೆಯಲ್ಲಿದ್ದ ಮಗನ ಹತ್ತಿರ ಬಂದಿದ್ದಳು. ಸೊಸೆ ನನ್ನ ಓರಗೆಯವಳು. ಅಂದಿನಿಂದ ಆಕೆ ನನಗೆ ದೊಡ್ಡವ್ವ.

ವಾರಕ್ಕೊಮ್ಮೆ ದೊಡ್ಡವ್ವ ಹಿಂದಿನ ಅಂಗಳದಲ್ಲಿ ಒಲೆ ಹಚ್ಚಿ, ಹಳೆಯ ಹಂಚಿನ ಮೇಲೆ ತಂಬಾಕು ಕಪ್ಪಾಗುವವರೆಗೆ ಹುರಿದು ಪುಡಿ ಮಾಡುತ್ತಿದ್ದಳು. ಅದೇ ಮಿಶ್ರಿ. ಹೆಂಗಸರು ಅದರಿಂದ ಹಲ್ಲು ತಿಕ್ಕುತ್ತಿದ್ದರು… ಮುಂಜಾನೆ ಒಮ್ಮೆಯಲ್ಲ, ದಿನಕ್ಕೆ ನಾಲ್ಕೈದು ಸಲ. ನಮ್ಮ ಸಾಲಿನ ಎಲ್ಲ ಮನೆಯವರೂ ಚಿಕ್ಕ ಡಬ್ಬಿ ಹಿಡಿದು ಅವಳ ಅಂಗಳಕ್ಕೇ ಬರುತ್ತಿದ್ದರು. ಅದು ತಪ್ಪೆಂದು ಯಾರ ತಲೆಗೂ ಬಂದಿರಲಿಲ್ಲ. ಒಮ್ಮೆ ನನ್ನ ದವಡೆ ಹಲ್ಲು ಮೂರು ದಿನ ನೋಯಿತು. ದೊಡ್ಡವ್ವ ನನ್ನನ್ನು ಮುಂದೆ ಕೂರಿಸಿಕೊಂಡು ತನ್ನ ಬೆರಳಿನಿಂದಲೇ ಚಿಟಿಕೆ ಮಿಶ್ರಿಯನ್ನು ಒಸಡಿಗೆ ಒತ್ತಿದಳು. ತಲೆ ಗಿರ್ರೆಂದಿತು. ನೋವು ಮಂಕಾಯಿತು. ಎರಡು ತಿಂಗಳಲ್ಲಿ ನನಗೂ ಒಂದು ಡಬ್ಬಿಯಾಯಿತು.

ಮರುವರ್ಷ ಮಳೆಗಾಲ ಹಿಡಿದ ಹೊತ್ತಿಗೆ ದೊಡ್ಡವ್ವ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನತೊಡಗಿದ್ದನ್ನು ನೋಡಿದೆ. ಹಸಿಮೆಣಸಿನಕಾಯಿ ಖಾರವಿಲ್ಲದೆ ಉಣ್ಣದ ಹೆಂಗಸು ಅವಳು. ಕೇಳಿದ್ದಕ್ಕೆ ಬಾಯಿ ತೆರೆದು ತೋರಿಸಿದಳು. ಕೆನ್ನೆಯ ಒಳಗೆ ಬೆರಳಗಲದ ಬಿಳಿ ಮಚ್ಚೆ. ಒಂದು ತಿಂಗಳಿನಿಂದ ಇದೆಯಂತೆ. ಮಗನಿಗೂ ಸೊಸೆಗೂ ಹೇಳಬಾರದೆಂದು ನನ್ನಿಂದ ಆಣೆ ಮಾಡಿಸಿಕೊಂಡು, ನನ್ನನ್ನೇ ಜೊತೆಗೆ ಕರೆದುಕೊಂಡು ಆಸ್ಪತ್ರೆಗೆ ನಡೆದಳು.

ಡಾಕ್ಟರು ಬ್ಯಾಟರಿ ಬಿಟ್ಟು ಬಹಳ ಹೊತ್ತು ನೋಡಿದರು. ಮಿಶ್ರಿ ಎಷ್ಟು ವರ್ಷದಿಂದ ಎಂದು ಕೇಳಿದರು. ತಿಳಿವಳಿಕೆ ಬಂದಾಗಿನಿಂದ ಎಂದಳು. ಈಗ ಬಿಟ್ಟರೆ ಈ ಮಚ್ಚೆ ತಾನಾಗಿಯೇ ಮಾಯಬಹುದು, ಬಿಡದಿದ್ದರೆ ಮುಂದೆ ಹುಬ್ಬಳ್ಳಿಗೆ ಹೋಗಿ ಕೊಯ್ಯಿಸಿಕೊಳ್ಳಬೇಕಾದೀತು, ಆಗಲೂ ನಾನು ಭರವಸೆ ಕೊಡಲಾರೆ ಎಂದರು ಅವರು. ಮೂರು ತಿಂಗಳು ಬಿಟ್ಟು ಬರಲು ಹೇಳಿದರು.

ಆಸ್ಪತ್ರೆಯಿಂದ ಮನೆಯ ಕಡೆ ಹೊರಟೆವು. ಬಿದಿರು ಹೇರಿಕೊಂಡ ಲಾರಿಗಳು ಹಾದುಹೋಗುತ್ತಿದ್ದವು. ಒಂದು ಮರದ ಕೆಳಗೆ ಕೂತು ದೊಡ್ಡವ್ವ ತನ್ನ ಅಕ್ಕನ ಕಥೆ ಹೇಳಿದಳು. ಮುಂಡಗೋಡದ ಕಡೆಗೆ ಕೊಟ್ಟಿದ್ದ ಅಕ್ಕ. ಬಾಯಲ್ಲಿ ಇಂಥದೇ ಹುಣ್ಣು. ಕೊನೆಗೆ ದವಡೆ ತೆರೆಯಲಾಗದೆ, ಹತ್ತಿಯ ಬತ್ತಿಯಲ್ಲಿ ಹಾಲು ಅದ್ದಿ ತುಟಿಗೆ ಹಿಂಡುತ್ತಿದ್ದರಂತೆ. ಮೂರು ತಿಂಗಳು ಹಾಗೆ ಹಿಂಡಿದವಳು ದೊಡ್ಡವ್ವನೇ.

“ಸಾಯೂದಕ್ಕ ಹೆದರಿಕಿ ಇಲ್ಲ ನನಗ,” ಎಂದಳು. “ಅಕ್ಕನ್ಹಂಗ ಬದುಕೂದಕ್ಕ ಹೆದರಿಕಿ. ಇರೂತನಕ ನನ್ನ ರೊಟ್ಟಿ ನಾನ ಬಡೀಬೇಕು, ನಾನ ಅಗದು ತಿನಬೇಕು.”

ಮನೆಗೆ ಬಂದವಳೇ ಡಬ್ಬಿಯಲ್ಲಿದ್ದುದನ್ನೆಲ್ಲ ಮೋರಿಗೆ ಸುರಿದಳು. ಹಂಚನ್ನು ಗುಜರಿಯವನಿಗೆ ಕೊಟ್ಟಳು. ಮಗ ಸೊಸೆಯನ್ನು ಕೂರಿಸಿಕೊಂಡು ಎಲ್ಲ ಹೇಳಿದಳು. ಆ ವಾರ ಡಬ್ಬಿ ಹಿಡಿದು ಬಂದ ಹೆಂಗಸರಿಗೆ ಇನ್ನು ಮೇಲೆ ಹುರಿಯುವುದಿಲ್ಲ ಎಂದಾಗ, ಈ ವಯಸ್ಸಿನಲ್ಲಿ ಬಿಟ್ಟು ಯಾವ ಪ್ರಾಯ ತಿರುಗಿ ಬರಬೇಕಾಗಿದೆ ಎಂದು ಒಬ್ಬಳು ನಕ್ಕಳು. ಇನ್ನೊಬ್ಬಳು ದೀಪಾವಳಿಯವರೆಗೂ ಮಾತು ಬಿಟ್ಟಳು.

ಆ ದಿನಗಳನ್ನು ನೆನೆದರೆ ಈಗಲೂ… ಮುಂಜಾನೆ ಎದ್ದರೆ ದೊಡ್ಡವ್ವನಿಗೆ ತಲೆ ಸಿಡಿತ. ಮಿಶ್ರಿ ಇಲ್ಲದೆ ಹೊಟ್ಟೆ ಸಾಫಾಗುತ್ತಿರಲಿಲ್ಲ. ಮಾತಾಡುತ್ತಿದ್ದಂತೆಯೇ ಕೈ ಸೊಂಟದ ಸಂಚಿಗೆ ಹೋಗುತ್ತಿತ್ತು, ಏನೂ ಸಿಗದೆ ಹಿಂದಕ್ಕೆ ಬರುತ್ತಿತ್ತು. ಎಂದೂ ದನಿ ಎತ್ತರಿಸದ ಹೆಂಗಸು, ಸಾರಿಗೆ ಉಪ್ಪು ಕಡಿಮೆಯಾಯಿತೆಂದು ಸೊಸೆಯ ಮುಂದೆ ಪಾತ್ರೆಯನ್ನೇ ಕುಕ್ಕಿದಳು. ಸೊಸೆ ಹಿಂದಿನ ಬಾಗಿಲಿನಿಂದ ನನ್ನ ಮನೆಗೆ ಬಂದು ಅತ್ತಳು. ಸಂಜೆ ದೊಡ್ಡವ್ವ ತಾನೇ ಬಂದು ಅವಳ ಕೈ ಹಿಡಿದು ಕರೆದುಕೊಂಡು ಹೋದಳು.

ಹನ್ನೆರಡನೆಯ ದಿನವೋ ಹದಿಮೂರನೆಯದೋ, ಜಡಿಮಳೆ. ಸಾಲಿನ ಕೊನೆಯ ಮನೆಗೆ ಹೋಗಿ, ಚಿಟಿಕೆ ಇಸಿದುಕೊಂಡು ತಿಕ್ಕಿಬಿಟ್ಟಳು. ಅಲ್ಲಿಂದ ತೋಯಿಸಿಕೊಂಡೇ ನೇರ ನನ್ನಲ್ಲಿಗೆ ಬಂದು, ತಪ್ಪಿಬಿಟ್ಟೆ ಎಂದು ಹೇಳಿದಳು. ಅಳಲಿಲ್ಲ, ಮಳೆಯನ್ನಾಗಲಿ ತಲೆನೋವನ್ನಾಗಲಿ ದೂರಲಿಲ್ಲ. ಇವತ್ತಿನಿಂದ ಮತ್ತೆ ಮೊದಲನೆಯ ದಿನ ಎಂದಳು, ಅಷ್ಟೇ.

ಮನೆಯಲ್ಲಿ ಕೂತರೆ ಕೈ ಸುಮ್ಮನಿರುವುದಿಲ್ಲವೆಂದು ಮರುದಿನದಿಂದ ನಡೆಯತೊಡಗಿದಳು. ಬೆಳಕು ಹರಿಯುವಾಗ ಎರಡು ತಂಬಿಗೆ ಬಿಸಿನೀರು ಕುಡಿದು, ಬೇವಿನ ಕಡ್ಡಿ ಬಾಯಿಗಿಟ್ಟು, ಕಂಬಳಿ ಕೊಪ್ಪೆ ಹಾಕಿಕೊಂಡು ನನ್ನ ಬಾಗಿಲು ಬಡಿಯುತ್ತಿದ್ದಳು. ಕೋಗಿಲಬನದ ಕಡೆಯ ದಾರಿಯಲ್ಲಿ ಹೊಳೆಯವರೆಗೆ ಹೋಗಿ ಬರುತ್ತಿದ್ದೆವು. ಆಗಿನ್ನೂ ಸೂಪಾದಲ್ಲಿ ಅಣೆಕಟ್ಟು ಕಟ್ಟಿರಲಿಲ್ಲ. ಕಾಳಿ ಹೊಳೆ ಎರಡೂ ದಂಡೆ ತುಂಬಿ ಕೆಂಪಗೆ ಹರಿಯುತ್ತಿತ್ತು. ಮೊದಮೊದಲು ದೊಡ್ಡವ್ವ ಅರ್ಧ ದಾರಿಯಲ್ಲೇ ಏದುಸಿರು ಬಿಟ್ಟು ಕೂರುತ್ತಿದ್ದಳು. ದಸರೆಯ ಹೊತ್ತಿಗೆ ನಾನು ಹಿಂದೆ ಬೀಳತೊಡಗಿದೆ. ನಡೆದು ಬಂದರೆ ಹೊಟ್ಟೆಯ ಬಾಧೆ ಹೋಯಿತು, ಹಸಿವು ಬಂತು. ಮೆಂತ್ಯದ ವಾಸನೆ ಇಷ್ಟು ಘಮ್ಮೆನ್ನುತ್ತದೆಂದು ಮರೆತೇಹೋಗಿತ್ತು ಅನ್ನುತ್ತಿದ್ದಳು. ಒಲೆಯ ಕಲ್ಲು ಕಿತ್ತು ಅಲ್ಲಿ ರಾಜಗಿರಿ, ಮೆಂತ್ಯ ಹಾಕಿದಳು. ದೀಪ ಹಚ್ಚುವ ಮೊದಲೇ ಊಟ ಮುಗಿಸುವುದನ್ನೂ, ಇನ್ನೊಂದು ರೊಟ್ಟಿ ಹಿಡಿಸುತ್ತದೆ ಅನ್ನುವಾಗಲೇ ಕೈ ತೊಳೆಯುವುದನ್ನೂ ಆಗಲೇ ರೂಢಿ ಮಾಡಿಕೊಂಡಳು.

ಮೂರು ತಿಂಗಳಿಗೆ ಡಾಕ್ಟರು ನೋಡಿದಾಗ ಮಚ್ಚೆ ಅರ್ಧವಾಗಿತ್ತು. ಶಿವರಾತ್ರಿಯ ಹೊತ್ತಿಗೆ ಅವರು ಬ್ಯಾಟರಿ ಬಿಟ್ಟು ಹುಡುಕಿದರೂ ಸಿಗಲಿಲ್ಲ.

ನನ್ನ ಮಾತು ಬೇರೆ. ಆ ಎಲ್ಲ ದಿನಗಳಲ್ಲೂ ದೊಡ್ಡವ್ವನ ಜೊತೆ ನಡೆದು ಬಂದು, ಬಾಗಿಲು ಹಾಕಿಕೊಂಡು ನಾನು ಮಿಶ್ರಿ ತಿಕ್ಕುತ್ತಿದ್ದೆ. ಪೇಟೆಯಿಂದ ತರಿಸಿ, ಬೇಳೆಯ ಡಬ್ಬಿಯ ಹಿಂದೆ ಮುಚ್ಚಿಡುತ್ತಿದ್ದೆ. ಆಗ ನಾನು ಬಸಿರಾಗಿ ಮೂರು ತಿಂಗಳಾಗಿತ್ತು. ಒಂದು ಮುಂಜಾನೆ ತಡೆಯಲಾಗದೆ ಹೊರಡುವ ಮೊದಲೇ ತಿಕ್ಕಿದ್ದೆ. ಹೊಳೆಯಲ್ಲಿ ಬಾಯಿ ಮುಕ್ಕಳಿಸುವಾಗ ಉಗುಳಿದ ನೀರು ಕಪ್ಪಗೆ ಕಲ್ಲಿನ ಮೇಲೆ ಬಿತ್ತು. ದೊಡ್ಡವ್ವ ನೋಡಿದಳು. ಮನೆಗೆ ಬಂದ ಮೇಲೆ ಒಳಗೆ ಕೂತು, ಎಲ್ಲಿದೆ ಎಂದು ಕೇಳಿದಳು. ನಾನು ಅಳತೊಡಗಿದೆ.

“ಅಳಬ್ಯಾಡ. ಈ ಬೆರಳಲೆ ನಾನ ಹಚ್ಚೇನಿ ನಿನಗ. ನಾನ ಬಿಡಸ್ತೇನಿ. ನೀ ಬೈದ್ರೂ ಬಿಡೂದಿಲ್ಲ.”

ಬಿಡಲಿಲ್ಲ. ನನ್ನ ಗಂಡ ಪಾಳಿಗೆ ಹೋದನೆಂದರೆ ಆಕೆ ಬಂದು ಕೂರುತ್ತಿದ್ದಳು. ನನಗೆ ಮಿಶ್ರಿ ಬೇಕೆನಿಸುವ ಹೊತ್ತು ನನಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು. ಕೈಗೆ ಹಿಟ್ಟಿನ ಪರಾತ ಕೊಡುತ್ತಿದ್ದಳು, ಇಲ್ಲವೇ ಹೊರಗೆ ಎಳೆದುಕೊಂಡು ಹೋಗುತ್ತಿದ್ದಳು. ಆ ದಿನಗಳಲ್ಲಿ ನಾನು ಅವಳನ್ನು ದ್ವೇಷಿಸಿದೆ. ಒಂದು ಮಧ್ಯಾಹ್ನ ಅವಳ ಮುಖದ ಮೇಲೆಯೇ ಕದ ಹಾಕಿದೆ. ಕಿಟಕಿಯಿಂದ ನೋಡಿದರೆ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುತ್ತಿದ್ದಳು. ಕಾರ್ಖಾನೆಯ ನಾಲ್ಕು ಗಂಟೆಯ ಭೋಂಗಾ ಕೂಗುವವರೆಗೂ ಎದ್ದು ಹೋಗಲಿಲ್ಲ. ಕದ ತೆಗೆದೆ. ಬೇಕು ಅನ್ನುವುದು ಎಂದಾದರೂ ಹೋಗುತ್ತದೆಯೇ ದೊಡ್ಡವ್ವ ಎಂದು ಕೇಳಿದೆ.

“ಹೋಗತೈತಿ. ನನಗ ಹೋಗೇತಿ, ನೋಡು,” ಎಂದಳು.

ನಾನು ನಂಬಿದೆ. ನನ್ನ ಡಬ್ಬಿಯೂ ಮೋರಿಗೆ ಬಿತ್ತು. ಮಗಳು ಹುಟ್ಟಿದಾಗ ಮೊದಲು ಎತ್ತಿಕೊಂಡವಳು ದೊಡ್ಡವ್ವ.

ಆಮೇಲೆ ನಾವು ಧಾರವಾಡಕ್ಕೆ ಬಂದೆವು. ದೊಡ್ಡವ್ವನ ಮಗನ ನೌಕರಿ ಮುಗಿದ ಮೇಲೆ ಅವರೂ ಊರಿಗೆ ಮರಳಿದರು. ಎಂಬತ್ತರ ಹತ್ತಿರ ಬಂದಾಗಲೂ ದೊಡ್ಡವ್ವ ಒಬ್ಬಳೇ ಬಸ್ಸು ಹತ್ತಿ ನಮ್ಮ ಮನೆಗೆ ಬಂದಿದ್ದಳು, ಜೋಳದ ಹಿಟ್ಟಿನ ಗಂಟು ಹೊತ್ತು. ಮಾಳಿಗೆಯ ಮೆಟ್ಟಿಲು ಹತ್ತುವಾಗ ಗಂಟನ್ನು ನನ್ನ ಕೈಗೆ ಕೊಡಲಿಲ್ಲ. ಎಂಬತ್ತಮೂರಕ್ಕೆ ತೀರಿಕೊಂಡಳು. ಆಗ ನಾನು ಮಗಳ ಬಾಣಂತನಕ್ಕೆಂದು ಪುಣೆಯಲ್ಲಿದ್ದೆ. ಕಾಗದ ಕೈಸೇರುವಷ್ಟರಲ್ಲಿ ದಿನಕರ್ಮವೆಲ್ಲ ಮುಗಿದಿತ್ತು. ಅವಳ ಮಣ್ಣಿಗೆ ಹೋಗಲಾಗಲಿಲ್ಲ ನನಗೆ.

ಹೋದ ತಿಂಗಳು ನಾನು ಹೋದದ್ದು ಅವಳ ಸೊಸೆಯನ್ನು ನೋಡಲು. ಕಣ್ಣಿನ ಆಪರೇಶನ್ ಆಗಿತ್ತು. ಎಂಬತ್ತು ದಾಟಿದ ಇಬ್ಬರೂ ಪಡಸಾಲೆಯಲ್ಲಿ ಕೂತು ಹಳೆಯದನ್ನೆಲ್ಲ ತೆಗೆದೆವು. ಮೊದಲ ವರ್ಷ ಎಷ್ಟು ಕಷ್ಟಪಟ್ಟರೂ ಆಮೇಲೆ ದೊಡ್ಡವ್ವನಿಗೆ ಅದರ ನೆನಪೂ ಬರಲಿಲ್ಲವಲ್ಲ, ಪುಣ್ಯವಂತೆ ಎಂದೆ ನಾನು. ಸೊಸೆ ನನ್ನ ಕಡೆ ತಿರುಗಿದಳು.

“ಎಲ್ಲಿ ಬಿಟ್ಟಿತ್ತವ್ವಾ ಅದು ನಮ್ಮ ಅತ್ತಿಯವರಿಗೆ. ಸಾಯೂತನಕ ದಿನಾ ಬೇಕನಸ್ತಿತ್ತು. ಇವತ್ತೊಂದ ದಿನ ಬ್ಯಾಡ, ಇವತ್ತೊಂದ ದಿನ ಬ್ಯಾಡ ಅಂತ ತಮಗ ತಾವ ಹೇಳಕೋತಿದ್ರು. ನಿನಗ ಮಾತ್ರ ಹೇಳಬ್ಯಾಡ ಅಂದಿದ್ರು. ಹೇಳಿದ್ರ ಮತ್ತ ಹಿಡದಾಳು ಅಂತ.”

ಇಪ್ಪತ್ತು ವರ್ಷಕ್ಕೂ ಹೆಚ್ಚು… ದಿನಾ.

ಸೊಸೆಯ ಮೊಮ್ಮಗ, ದೊಡ್ಡವ್ವನನ್ನು ಮಣ್ಣು ಮಾಡಿದ ಹೊಲಕ್ಕೆ ನನ್ನನ್ನು ಕರೆದುಕೊಂಡು ಹೋದ. ಬದುವಿನ ಹತ್ತಿರ ಒಂದು ಕಲ್ಲು, ಸುತ್ತ ಕಬ್ಬು. ಇದೇ ಜಾಗ ಎಂದು ತೋರಿಸಿ, ಅವನು ಪಂಪು ಚಾಲೂ ಮಾಡಲು ಹೋದ. ನನಗೂ ಹೋಗಿಲ್ಲ ದೊಡ್ಡವ್ವಾ, ಇಷ್ಟು ವರ್ಷ ನಾನೂ ಯಾರಿಗೂ ಹೇಳಿಲ್ಲ ಎಂದು ಅವಳಿಗೆ ಹೇಳಬೇಕಾಗಿತ್ತು. ಬಾಯಿಬಿಟ್ಟು ಹೇಳಿಯೂ ಹೇಳಿದೆ. ಕಬ್ಬಿನ ಸಾಲಿಗೆ ನೀರು ಬರತೊಡಗಿತು. ಕೇಳಲು ಅಲ್ಲಿ ಯಾರೂ ಇರಲಿಲ್ಲ.