ಚಂದ್ರನ ಕೀಲಿಗೆ ಎಣ್ಣೆ ಹಚ್ಚಿದವರು

ಹಿಗಾಶಿ ಒಸಾಕಾದ ನಮ್ಮ ಸಣ್ಣ ಕಾರ್ಖಾನೆಯಲ್ಲಿ ಕುರಾಮೋಚಿ ಸಾನ್ ನಲವತ್ತೆರಡು ವರ್ಷದಿಂದ ಉಕ್ಕು ಉಜ್ಜುತ್ತಿದ್ದಾರೆ. ಅವರು ಉಜ್ಜಿದ್ದನ್ನು ಪೆಟ್ಟಿಗೆಗೆ ತುಂಬುವುದು ನನ್ನ ಕೆಲಸ. ಅದರಲ್ಲೂ ಆಗಾಗ ತಪ್ಪುತ್ತೇನೆ.

ಹೋದ ವರ್ಷ, ಚಂದ್ರನ ಮೇಲೆ ನಿಲ್ಲಿಸುವ ದೂರದರ್ಶಕದ ಕೀಲು ನಮ್ಮ ಪಾಲಿಗೆ ಬಂತು. ಅಲ್ಲಿನ ಧೂಳನ್ನು ಸವೆಸಲು ಗಾಳಿಯಿಲ್ಲ, ನೀರಿಲ್ಲ. ಕಣಕಣವೂ ಒಡೆದ ಗಾಜು. ಒಂದು ರಾತ್ರಿಗೆ ನಮ್ಮ ಹದಿನಾಲ್ಕು ದಿನ. ಆ ಚಳಿಗೆ ಎಣ್ಣೆ ಕಲ್ಲಾಗುತ್ತದೆ. ಬಿಸಿಲಿಗೆ ಅದೇ ಎಣ್ಣೆ ಆವಿಯಾಗಿ ಕನ್ನಡಿಯ ಮೇಲೆ ಕೂರುತ್ತದೆ. ಆದ್ದರಿಂದ ಕೀಲು ಎಣ್ಣೆಯಿಲ್ಲದೆಯೇ ತಿರುಗಬೇಕು ಎಂದು ದೂರದರ್ಶಕದ ಎಂಜಿನಿಯರ್ ಆಶಿಜಾವಾ ಸಾನ್ ಎಂಬಾಕೆ ಬಂದು ವಿವರಿಸಿದರು. ಕುರಾಮೋಚಿ ಸಾನ್ ತಲೆಯಾಡಿಸಿದರು. ತಲೆ ಕೇಳಿಸಿಕೊಂಡಿತ್ತು, ಕೈ ಕೇಳಿಸಿಕೊಂಡಿರಲಿಲ್ಲ.

ಗಾಳಿ ತೆಗೆದ ತೊಟ್ಟಿಯಲ್ಲಿ ಪರೀಕ್ಷೆ ಮುಗಿದಾಗ ಕನ್ನಡಿ ಮಸುಕಾಗಿತ್ತು. ಕನ್ನಡಿ ಕೂರಿಸಿದ ಅಂಟಿನದೇ ತಪ್ಪೆಂದು, ಪಕ್ಕದ ಬೀದಿಯ ಅಂಟಿನವರನ್ನು ಕೈಬಿಡುವ ಮಾತಾಯಿತು. ಊಟದ ಹೊತ್ತಿಗೆ ಕುರಾಮೋಚಿ ಸಾನ್ ತಿನ್ನುವ ಕಡ್ಡಿಗಳನ್ನು ಕೆಳಗಿಟ್ಟರು.

"ಅಂಟಲ್ಲ ಕಣಪ್ಪ. ನಾನೇ."

"ನೀವೇನ್ ಮಾಡಿದ್ರಿ?"

"ಕೊನೇಲಿ ಒಂದ್ಸಲ ಎಣ್ಣೆಬಟ್ಟೆ ಆಡಿಸ್ಬಿಟ್ಟೆ. ಬರೀ ಉಕ್ಕು ಹೊರಗೆ ಕಳಿಸೋಕೆ ಮನಸ್ಸು ಬರ್ಲಿಲ್ಲ. ಮಗೂನ ಮುಖ ತೊಳೀದೆ ಶಾಲೆಗೆ ಕಳಿಸ್ತಾರಾ?"

"ಯಾರಿಗೂ ಗೊತ್ತಿಲ್ವಲ್ಲ, ಸುಮ್ನಿದ್ಬಿಡಿ," ಎಂದೆ. ಹೇಡಿತನದಲ್ಲಿ ನನಗೆ ಒಳ್ಳೆಯ ಅನುಭವವಿದೆ.

"ಹೇಳಿದ್ರೆ ಕೀಲು ಇನ್ನು ನನ್ನ ಕೈಗೆ ಕೊಡಲ್ಲ."

"ಅದಕ್ಕೇ ಸುಮ್ನಿರಿ ಅಂದಿದ್ದು."

"ಆಮೇಲೆ ಅಲ್ಲಿ ಕನ್ನಡಿ ಮಸುಕಾದ್ರೆ ಒರೆಸೋಕೆ ಯಾರು ಹೋಗ್ತಾರೆ, ನೀನಾ?"

ಮಧ್ಯಾಹ್ನ ಎಲ್ಲರೆದುರು ಸೊಂಟ ಬಗ್ಗಿಸಿ ಹೇಳಿಯೇಬಿಟ್ಟರು. ಆಶಿಜಾವಾ ಸಾನ್ ಟಿಪ್ಪಣಿ ಪುಸ್ತಕ ತೆರೆದರು.

"ಎಷ್ಟು ಹಚ್ಚಿದ್ರಿ?"

"ಕಣ್ಣಿಗೆ ಕಾಣದಷ್ಟು."

"ಕಾಣದಷ್ಟಕ್ಕೇ ಈ ಗತಿನಾ? ಹಾಗಾದ್ರೆ ಬೆರಳಿನ ಜಿಡ್ಡೇ ಸಾಕು. ಬರಿಗೈಲಿ ಇನ್ಯಾರ್ ಮುಟ್ಟಿದ್ರಿ?"

ಎಲ್ಲರೂ ಸೂರು ನೋಡಿದರು. ಬಗ್ಗಿದ ಆ ಬೆನ್ನು ಇನ್ನೂ ಎದ್ದಿರಲಿಲ್ಲ. ನಾನು ಕೈ ಎತ್ತಿದೆ. ಹೆಂಡತಿಗೆ ತೋರಿಸಲು ಕೀಲನ್ನು ಹಿಡಿದು ಫೋಟೊ ತೆಗೆಸಿಕೊಂಡಿದ್ದೆ. ಆಮೇಲೆ ಒಂದೊಂದಾಗಿ ಇನ್ನೂ ಆರು ಕೈಗಳು ಎದ್ದವು. ಮಾಲೀಕರದು ಕೊನೆಯದು.

"ಕುರಾಮೋಚಿ ಸಾನ್, ಹೊಸ ಕೀಲೂ ನೀವೇ ಮಾಡಿ," ಎಂದರು ಆಶಿಜಾವಾ ಸಾನ್. "ಏನಾಯ್ತು ಅಂತ ಬಾಯ್ಬಿಟ್ಟು ಹೇಳೋರು ನನಗೆ ಬೇಕು. ಆದ್ರೆ ಕೈಗವಸು ಹಾಕ್ಕೊಳ್ಳಿ."

"ಹಾಕ್ಕೊಂಡ್ರೆ ಉಕ್ಕು ಬೆರಳಿಗೆ ಗೊತ್ತಾಗಲ್ಲಮ್ಮ."

"ಕಲೀರಿ."

ಅರವತ್ತೇಳರ ವಯಸ್ಸಿನಲ್ಲಿ ಕಲಿಯುತ್ತಿದ್ದಾರೆ. ಇದುವರೆಗೆ ಮೂರು ಕೀಲುಗಳನ್ನು ಮಾಡಿ, ಮೂರನ್ನೂ ತಾವೇ ತಿರಸ್ಕರಿಸಿದ್ದಾರೆ.